ಹೊಲಿಗೆ ಟೀಚರ ಜೊತೆ ಪಣಜಿಗೆ ಹೋದದ್ದು

ಹೊಲಿಗೆ ಟೀಚರು ಮಾತನಾಡುವಾಗ ಬಾಯಿಯ ಬಲಗಡೆ ಮಾತ್ರ ತೆರೆಯುತ್ತಿತ್ತು. ಎಡಗಡೆಯ ತುಟಿಗಳ ನಡುವೆ ಬೆಳಗಿನಿಂದ ಸಂಜೆಯವರೆಗೆ ಮೂರೋ ನಾಲ್ಕೋ ಗುಂಡುಸೂಜಿಗಳಿರುತ್ತಿದ್ದವು. ಸೂಜಿ ಇಲ್ಲದಾಗಲೂ, ಬಸ್ಸಿನಲ್ಲಿ ಟಿಕೇಟು ಕೇಳುವಾಗಲೂ, ಆ ಕಡೆಯ ತುಟಿ ಒತ್ತಿಕೊಂಡೇ ಇರುತ್ತಿತ್ತು. ಗೊತ್ತಿಲ್ಲದವರು ಅವರಿಗೆ ಬಹಳ ಜಂಬ ಎಂದುಕೊಳ್ಳುತ್ತಿದ್ದರು. ಗೊತ್ತಿದ್ದವರಲ್ಲೂ ಕೆಲವರು ಹಾಗೆಯೇ ತಿಳಿದಿದ್ದರು.

ನಾನು ಕಾಪುವಿನ ಆ ಶಾಲೆಗೆ ಸೇರಿದ್ದು ಎಪ್ಪತ್ತರ ದಶಕದ ನಡುಭಾಗದಲ್ಲಿ. ನನಗಾಗ ಇಪ್ಪತ್ತೆರಡು ವರ್ಷ. ನಮ್ಮ ಮನೆ ಉಡುಪಿಯ ಕಡಿಯಾಳಿಯಲ್ಲಿ. ಅಪ್ಪ ದೇವಸ್ಥಾನದಲ್ಲಿ ವಾದ್ಯ ನುಡಿಸುವವರು. ಕೆಲಸಕ್ಕೆ ಸೇರಿದ ಮೊದಲನೆಯ ದಿನವೇ ಬಸ್ಸಿನ ಬಾಗಿಲಿನ ಮೊಳೆಗೆ ಸೀರೆಯ ಅಂಚು ಸಿಕ್ಕಿ ಗೇಣುದ್ದ ಹರಿದುಹೋಗಿತ್ತು. ಹರಿದದ್ದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಶಾಲೆಯ ಜಗಲಿ ಹತ್ತಿದಾಗ, ಯಾರೋ ಹಿಂದಿನಿಂದ ಕೈ ಹಿಡಿದು ಹೊಲಿಗೆಯ ಕೋಣೆಗೆ ಎಳೆದುಕೊಂಡು ಹೋದರು. "ಅಲ್ಲಾಡದೆ ನಿಲ್ಲು," ಎಂದರು. ಮಂಡಿಯೂರಿ ಕುಳಿತು, ನಾನು ನಿಂತಿದ್ದಂತೆಯೇ, ಗಂಟೆ ಹೊಡೆಯುವುದರೊಳಗೆ ಹೊಲಿದು ಮುಗಿಸಿದರು. ಹೆಸರು ಕೇಳಿದ್ದು ಆಮೇಲೆ.

ಅವರು ನನಗಿಂತ ಹದಿಮೂರು ವರ್ಷ ದೊಡ್ಡವರು, ಕಡಲತಡಿಯ ಮೊಗವೀರರ ಮನೆಯ ಸೊಸೆ. ಮಧ್ಯಾಹ್ನ ಅವರ ಬುತ್ತಿಯ ಮುಚ್ಚಳ ತೆಗೆದರೆ ಉಳಿದ ಟೀಚರುಗಳು ಮೀನಿನ ವಾಸನೆ ಎಂದು ಬೆಂಚನ್ನು ಸ್ವಲ್ಪ ಸ್ವಲ್ಪವೇ ದೂರ ಸರಿಸುತ್ತಿದ್ದರು. ಅದಕ್ಕೆ ಅವರು ಹೊಲಿಗೆ ಯಂತ್ರದ ಹಲಗೆಯ ಮೇಲೆಯೇ ಬುತ್ತಿ ಇಟ್ಟುಕೊಂಡು ಊಟ ಮಾಡುತ್ತಿದ್ದರು. ಮರುದಿನದಿಂದ ನಾನೂ ಅಲ್ಲಿಯೇ. ಮಕ್ಕಳಿಗೆ ಅವರು ದಿನಕ್ಕೆರಡು ಸಲವಾದರೂ ಹೇಳುತ್ತಿದ್ದ ಮಾತು ಒಂದಿತ್ತು: "ಬಿಚ್ಚಲಿಕ್ಕೆ ಬೇಸರ ಇರುವವಳು ಹೊಲಿಯಲಿಕ್ಕೆ ಕೂತುಕೊಳ್ಳಬಾರದು." ಒಂದು ಹೊಲಿಗೆ ಸೊಟ್ಟಗಾದರೆ ಇಡೀ ಸಾಲನ್ನು ಬಿಚ್ಚಿಸುತ್ತಿದ್ದರು. ಬೈಯುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತು ತಾವೂ ಬಿಚ್ಚುತ್ತಿದ್ದರು.

ಅವರ ಗಂಡ ಮೊದಲು ರಂಪಣಿ ಬಲೆಯ ಗುಂಪಿನಲ್ಲಿದ್ದವರು. ಯಂತ್ರದ ದೋಣಿಗಳು ಬಂದ ಮೇಲೆ ದಡದಿಂದ ಬಲೆ ಎಳೆಯುವವರಿಗೆ ಮೀನು ಕಡಿಮೆಯಾಯಿತು. ಅಣ್ಣತಮ್ಮಂದಿರ ನಡುವೆ ಮಾತಿಗೆ ಮಾತು ಬೆಳೆದು, ಒಂದು ದಿನ ಇವರು ಗೋವಾ ಕಡೆಯ ದೋಣಿಯಲ್ಲಿ ಕೆಲಸ ಉಂಟೆಂದು ಹೊರಟುಹೋದರು. ಮೊದಲೆರಡು ವರ್ಷ ಕಾಗದ ಬರುತ್ತಿತ್ತು. ಆಮೇಲೆ ನಿಂತಿತು. ನಾನು ಟೀಚರನ್ನು ನೋಡುವ ಹೊತ್ತಿಗೆ ಅವರು ಹೋಗಿ ಏಳು ವರ್ಷವಾಗಿತ್ತು. ಮನೆಯಲ್ಲಿ ಉಳಿದವರು ಟೀಚರು ಮತ್ತು ಅವರ ಅತ್ತೆ ಮಾತ್ರ. ಮುದುಕಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಸೊಸೆ ಶಾಲೆಯಿಂದ ಬಂದ ಕೂಡಲೇ ಹತ್ತಿರ ಕರೆದು, ಅವಳ ಕುತ್ತಿಗೆಗೆ ಕೈ ಹಾಕಿ, ಕರಿಮಣಿ ಸರವನ್ನು ಒಂದೊಂದೇ ಮಣಿಯಾಗಿ ಮುಟ್ಟಿ ನೋಡುತ್ತಿದ್ದರು. "ಉಂಟು," ಎನ್ನುತ್ತಿದ್ದರು. ಮಗ ಬದುಕಿದ್ದಾನೆ ಎಂದು ಅದರ ಅರ್ಥ. ಒಂದು ಸಂಜೆ ಟೀಚರ ಜೊತೆ ಅವರ ಮನೆಗೆ ಹೋದಾಗ ನಾನೇ ಅದನ್ನು ನೋಡಿದ್ದೇನೆ. ಟೀಚರು ಕೊಡೆಯನ್ನು ಕೈಯಲ್ಲಿ ಹಿಡಿದುಕೊಂಡೇ, ಬಗ್ಗಿ, ಮುಗಿಯುವವರೆಗೂ ಹಾಗೆಯೇ ನಿಂತಿದ್ದರು.

ಆ ವರ್ಷದ ಫೆಬ್ರವರಿಯಲ್ಲಿ, ಊಟದ ಹೊತ್ತಿಗೆ ಕೇಳಿದರು: "ನಿನಗೆ ಕೊಂಕಣಿ ಬರ್ತದಲ್ವಾ?"

"ಅಕ್ಕಪಕ್ಕದವರೆಲ್ಲ ಅದನ್ನೇ ಮಾತಾಡುವುದು. ಬಾರದೆ ಎಂತ?"

"ಪಣಜಿಯಲ್ಲಿ ಕಾರ್ನಿವಾಲ್ ಉಂಟಂತೆ. ಹೋಗುವನಾ? ಮೂರು ದಿನದ ಮಟ್ಟಿಗೆ."

ನಾನು ಕುಂದಾಪುರದಿಂದಾಚೆ ಹೋದವಳೇ ಅಲ್ಲ. ಮುಖವಾಡ ಹಾಕಿ ಕುಣಿಯುತ್ತಾರಂತೆ, ಲಾರಿಯ ಮೇಲೆ ಹಡಗು ಕಟ್ಟುತ್ತಾರಂತೆ, ಹಳೆ ಗೋವಾದಲ್ಲಿ ಬೆಟ್ಟದಷ್ಟು ದೊಡ್ಡ ಕ್ರೈಸ್ತರ ಇಗರ್ಜಿಗಳಿವೆಯಂತೆ ಎಂದು ಕೇಳಿದ್ದೆ ಅಷ್ಟೇ. ಮದುವೆಯಾಗದ ಹುಡುಗಿಯನ್ನು ಗೋವಾದ ಕಾರ್ನಿವಾಲಿಗೆ ಕಳಿಸಿ ಎಂದರೆ ಅಪ್ಪ ಒಪ್ಪುವ ಮಾತೇ ಇಲ್ಲ. ಆಗ ಮನೆಗೆ ಹುಡುಗರ ಕಡೆಯವರು ಬರಲು ಶುರುವಾಗಿತ್ತು. ಕಾರವಾರದಲ್ಲಿ ಟೀಚರುಗಳಿಗೆ ತರಬೇತಿ ಎಂದು ಸುಳ್ಳು ಹೇಳಿದೆ. ಅಮ್ಮ ಉಪ್ಪಿನಕಾಯಿ ಕಟ್ಟಿಕೊಟ್ಟರು. ಟೀಚರೂ ಅತ್ತೆಗೆ ಅದನ್ನೇ ಹೇಳಿ, ಪಕ್ಕದ ಮನೆಯವರನ್ನು ಕಾವಲಿಗಿಟ್ಟು ಬಂದಿದ್ದರು.

ಕಾಳಿ ನದಿಗೆ ಆಗ ಸೇತುವೆ ಇರಲಿಲ್ಲ. ಕಾರವಾರದಲ್ಲಿ ಬಸ್ಸಿಳಿದು ಲಾಂಚಿನಲ್ಲಿ ದಾಟಬೇಕು. ನಾನು ಕಟಾಂಜನಕ್ಕೆ ಒರಗಿ ನೀರು ನೋಡುತ್ತ ಏನೇನೋ ಹರಟುತ್ತಿದ್ದೆ. ಟೀಚರು ಚೀಲದಿಂದ ಒಂದು ಫೋಟೋ ತೆಗೆದರು. ಅವರ ಮದುವೆಯದು.

"ಕಾರ್ನಿವಾಲ್ ನೋಡಲಿಕ್ಕೆ ಅಂತ ನಿನ್ನನ್ನು ಕರೆದುಕೊಂಡು ಬಂದೆ. ನಾನು ಬಂದದ್ದು ಇವರನ್ನು ಹುಡುಕಲಿಕ್ಕೆ," ಎಂದರು. "ಕಡೆಯ ಕಾಗದದಲ್ಲಿ ಬರೆದಿದ್ದರು, ಕಾರ್ನಿವಾಲ್ ಸಮಯ ದೋಣಿಗಳೆಲ್ಲ ದಡದಲ್ಲೇ ಇರ್ತವೆ ಅಂತ. ಬೇರೆ ದಿನ ಹೋದರೆ ಕಡಲಲ್ಲಿರುವವರನ್ನು ಎಲ್ಲಿ ಅಂತ ಹುಡುಕುವುದು?"

ನಾನು ಕೇಳಿದೆ, "ಅಲ್ಲಿ ಬೇರೆ ಸಂಸಾರ ಇದ್ದರೆ ಟೀಚರ್?"

"ಇದ್ದರೆ ಇರಲಿ. ಒಂದು ಸಲ ಬಂದು ತಾಯಿಗೆ ಸ್ವರ ಕೇಳಿಸಿ ಹೋಗಿ ಅಂತ ಹೇಳ್ತೇನೆ. ಅಷ್ಟೇ."

ಪಣಜಿ ತಲುಪುವಾಗ ಸಂಜೆಯಾಗಿತ್ತು. ಲಾಡ್ಜುಗಳೆಲ್ಲ ತುಂಬಿದ್ದವು. ಹಳದಿ, ನೀಲಿ ಗೋಡೆಗಳ ಹಳೆಯ ಓಣಿಯೊಂದರಲ್ಲಿ ನನ್ನ ಕೊಂಕಣಿ ಕೇಳಿ ಒಬ್ಬ ಮುದುಕಿ ಕೋಣೆ ಕೊಟ್ಟಳು. ಗಂಡ ಸತ್ತು ಇಪ್ಪತ್ತು ವರ್ಷವಾದರೂ ಕಪ್ಪು ಬಟ್ಟೆ ಬಿಡದವಳು. ಟೀಚರ ಹಣೆಯ ಕುಂಕುಮ ನೋಡಿ, ಗಂಡ ಎಲ್ಲಿ ಎಂದು ಕೇಳಿದಳು. ಅವಳು ಕೇಳಿದ್ದನ್ನು ನಾನು ಟೀಚರಿಗೆ ಹೇಳಿದೆ. "ದೋಣಿಯಲ್ಲಿದ್ದಾರೆ ಅಂತ ಹೇಳು," ಎಂದರು ಟೀಚರು.

ಮರುದಿನ ಬೆಳಿಗ್ಗೆ ಮಾಂಡವಿ ನದಿ ದಾಟಿ ದೋಣಿಗಳು ತಂಗುವ ಆಚೆಯ ಮೀನುಧಕ್ಕೆಗೆ ಹೋದೆವು. ಕಾಗದದಲ್ಲಿ ಇದ್ದ ಮಾತು ನಿಜ. ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು, ಕೆಲವಕ್ಕೆ ಬಣ್ಣದ ಕಾಗದದ ಹೂ ಕಟ್ಟಿದ್ದರು. ಗಂಡಸರು ಅಲ್ಲಲ್ಲಿ ಕುಡಿದು ಮಲಗಿದ್ದರು. ನಾನು ಕೊಂಕಣಿಯಲ್ಲಿ ಕೇಳುತ್ತ ಹೋದೆ, ಟೀಚರು ಫೋಟೋ ಹಿಡಿದುಕೊಂಡು ಹಿಂದೆ. ಹತ್ತು ಹದಿನೈದು ಜನ ಗೊತ್ತಿಲ್ಲವೆಂದು ತಲೆಯಾಡಿಸಿದ ಮೇಲೆ ಯಾರೋ ಬಲೆ ಸರಿಮಾಡುತ್ತಿದ್ದ ವಯಸ್ಸಾದವರೊಬ್ಬರನ್ನು ತೋರಿಸಿದರು. ನಮ್ಮ ಊರ ಕಡೆಯವರೇ, ದೋಣಿ ನಡೆಸುವ ತಾಂಡೇಲರು. ತುಳುವಿನಲ್ಲಿ ಮಾತನಾಡಿಸಿದಾಗ ಅವರ ಮುಖ ಅರಳಿತು. ಫೋಟೋ ಕೈಗೆ ತೆಗೆದುಕೊಂಡರು. ತುಂಬ ಹೊತ್ತು ನೋಡಿದರು. ಮತ್ತೆ ಟೀಚರ ಹಣೆ ನೋಡಿದರು.

"ನೀವು ಇವನಿಗೆ ಎಂತ ಆಗಬೇಕು?"

"ಹೆಂಡತಿ."

ಅವರು ಬಲೆ ಕೆಳಗಿಟ್ಟು ಎದ್ದು ನಿಂತರು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. "ಅಮ್ಮಾ, ಅವನು ಹೋಗಿ ಎರಡು ಮಳೆಗಾಲ ಆಯಿತು. ಕಾಮಾಲೆ. ಇಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ. ನಮಗೆ ತಿಳಿಸಲಿಕ್ಕೆ ವಿಳಾಸವೇ ಇರಲಿಲ್ಲ. ಊರಲ್ಲಿ ನನಗೆ ಯಾರೂ ಇಲ್ಲ ಅಂತ ಹೇಳಿದ್ದ ಅವನು."

ಟೀಚರು ಅಳಲಿಲ್ಲ. "ಬೆಂಕಿ ಯಾರು ಕೊಟ್ಟದ್ದು?" ಎಂದು ಕೇಳಿದರು.

"ನಾನೇ."

"ಕಡೆಗೆ ಏನಾದರೂ ಕೇಳಿದರಾ?"

"ಮಳೆ ಬಿಟ್ಟಿತಾ ಅಂತ ಕೇಳುತ್ತಿದ್ದ. ಬೇರೆಂತ ಇಲ್ಲ."

"ಅವರ ಸಾಮಾನು?"

"ಒಂದು ಚಾಪೆ, ಎರಡು ಬನಿಯನ್. ಹುಡುಗರು ಹಾಕಿಕೊಂಡರು ಅಮ್ಮಾ."

ಟೀಚರು ಅವರಿಗೆ ಕೈ ಮುಗಿದರು. ಫೋಟೋ ಹಿಂದಕ್ಕೆ ಪಡೆದು ಚೀಲಕ್ಕೆ ಹಾಕಿ ನಡೆಯತೊಡಗಿದರು.

ಹಿಂದಿರುಗಿ ಪಣಜಿಯ ಬೀದಿಗೆ ಬಂದಾಗ ಮೆರವಣಿಗೆ ಶುರುವಾಗಿತ್ತು. ಕಾಗದದ ಕಿರೀಟದ ದಪ್ಪ ರಾಜನೊಬ್ಬ ಲಾರಿಯ ಮೇಲೆ ನಿಂತು ಜನರಿಗೆ ಕೈ ಬೀಸುತ್ತಿದ್ದ. ಹಿಂದೆ ಮೀನಿನಾಕಾರದ ಲಾರಿ, ಹಡಗಿನಾಕಾರದ ಲಾರಿ, ಬ್ಯಾಂಡು, ಹುಡುಗಿಯರು. ಹೇಳಲು ನಾಚಿಕೆಯಾಗುತ್ತದೆ, ಆ ಹೊತ್ತಿನಲ್ಲೂ ನನ್ನ ಕಣ್ಣು ಲಾರಿಗಳ ಕಡೆಗೇ ಹೋಗುತ್ತಿತ್ತು. ಹಾಗೆ ನೋಡುತ್ತ ನಾನು ಎರಡು ಹೆಜ್ಜೆ ಹಿಂದೆ ಬಿದ್ದಿದ್ದೆ. ಆಗಲೇ ಮುಖವಾಡ ಹಾಕಿದ್ದ ಒಬ್ಬ ಗಂಡಸು ಗುಂಪಿನಿಂದ ಹಾರಿ ಬಂದು, ಮುಷ್ಟಿ ತುಂಬ ಕೆಂಪು ಪುಡಿಯನ್ನು ಟೀಚರ ಹಣೆಗೆ, ಕೆನ್ನೆಗೆ, ಬೈತಲೆಗೆ ಮೆತ್ತಿ, ಏನೋ ಕೂಗಿ ನಗುತ್ತ ಓಡಿಹೋದ. ನಾನು ಓಡಿ ಹೋಗಿ ಸೆರಗಿನಿಂದ ಒರಸಲು ನೋಡಿದೆ. ಅವರು ನನ್ನ ಕೈ ಹಿಡಿದರು. "ಇರಲಿ ಬಿಡು."

ದೊಡ್ಡ ಬಿಳಿ ಇಗರ್ಜಿಯ ಮೆಟ್ಟಿಲುಗಳ ಮೇಲೆ ಕುಳಿತೆವು. ಕೆಳಗೆ ಬೀದಿಯಲ್ಲಿ ಜನ ಕುಣಿಯುತ್ತಿದ್ದರು. ಟೀಚರು, "ಹಾಗಾದರೆ ಎರಡು ವರ್ಷ ನಾನು ಹಣೆಗೆ ಹಚ್ಚಿದ್ದು ಎಂತದನ್ನು?" ಎಂದರು. ಅವರೇ ಮುಂದುವರಿಸಿದರು. "ಗೊತ್ತಿಲ್ಲದೆ ಎರಡು ವರ್ಷ ಹಚ್ಚಿದೆ. ಆಕಾಶ ಬೀಳಲಿಲ್ಲ. ಇನ್ನು ಗೊತ್ತಿದ್ದೂ ಹಚ್ಚುತ್ತೇನೆ. ಮಾಮಿ ಇರುವವರೆಗೆ. ಅವರು ಕುತ್ತಿಗೆ ಮುಟ್ಟಿ ನೋಡುವಾಗ ಅಲ್ಲಿ ಏನೂ ಇಲ್ಲದಿದ್ದರೆ ಅದೇ ದಿನ ಸಾಯ್ತಾರೆ ಮಾರಾಯ್ತಿ. ನೀನು ಯಾರಿಗೂ ಹೇಳಬಾರದು."

"ಹೇಳುವುದಿಲ್ಲ," ಎಂದೆ.

ನಾನು ಆಸೆಪಟ್ಟಿದ್ದೆನೆಂದು ಮರುದಿನ ಬೆಳಿಗ್ಗೆ, ನಾನು ಬೇಡ ಎಂದರೂ, ಹಳೆ ಗೋವಾಕ್ಕೆ ಕರೆದುಕೊಂಡು ಹೋದರು. ಅಷ್ಟು ದೊಡ್ಡ ಕಟ್ಟಡದಲ್ಲಿ ನಮ್ಮಿಬ್ಬರ ಚಪ್ಪಲಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಟೀಚರು ನೇರವಾಗಿ ಪೀಠದ ಹತ್ತಿರ ಹೋಗಿ ಅದಕ್ಕೆ ಹೊದಿಸಿದ್ದ ಬಟ್ಟೆಯ ಲೇಸನ್ನು ಬಗ್ಗಿ ನೋಡಿದರು. "ಇದು ಕೈಯಲ್ಲೇ ಮಾಡಿದ್ದು. ಇಲ್ಲಿ ನೋಡು, ಒಂದು ಕಡೆ ತಪ್ಪಿದೆ. ಬಿಚ್ಚದೆ ಹಾಗೆಯೇ ಮುಂದೆ ಹೋಗಿದ್ದಾರೆ," ಎಂದರು. ಎಂದವರು ಅಲ್ಲಿಯೇ ನೆಲದ ಮೇಲೆ ಕುಳಿತು ಅತ್ತರು. ಅವರ ಬಾಯಿ ಪೂರ್ತಿ ತೆರೆದುಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಊರಿಗೆ ಬಂದ ಮೇಲೆ ಅವರು ಹೇಳಿದಂತೆಯೇ ನಡೆದುಕೊಂಡರು. ದಿನಾ ಕುಂಕುಮ, ದಿನಾ ಕರಿಮಣಿ. ಆದರೆ ಅಲ್ಲಿಂದ ಮುಂದೆ ಯಾರ ಮನೆಯ ಶುಭಕಾರ್ಯಕ್ಕೂ ಮುತ್ತೈದೆಯಾಗಿ ಮುಂದೆ ಬರಲಿಲ್ಲ. ಸೀಮಂತಕ್ಕೆ ಕರೆದರೆ ತಲೆನೋವು, ಮದುವೆಗೆ ಕರೆದರೆ ಅತ್ತೆಗೆ ಹುಷಾರಿಲ್ಲ. ಮದುಮಗಳ ರವಿಕೆಯನ್ನು ರಾತ್ರಿ ಹಗಲೆನ್ನದೆ ಹೊಲಿದುಕೊಡುವವರು ಆರತಿಯ ಹೊತ್ತಿಗೆ ಇರುತ್ತಿರಲಿಲ್ಲ. ಊರವರಿಗೆ ಅದು ಜಂಬವಾಗಿಯೇ ಕಂಡಿತು.

ಎರಡು ವರ್ಷದ ಮೇಲೆ ನನ್ನ ಮದುವೆಯಾಯಿತು. ಗಂಡು ಕಾರ್ಕಳದವರು, ಅಲ್ಲಿ ಹೈಸ್ಕೂಲಿನಲ್ಲಿ ಮಾಸ್ತರು. ಟೀಚರು ರವಿಕೆ ಹೊಲಿದು ತಾವೇ ತಂದಿದ್ದರು. ಆರತಿಯ ಹೊತ್ತಿಗೆ ಅಮ್ಮ ಸಂಭ್ರಮದಿಂದ, "ಟೀಚರೇ, ಮೊದಲು ನೀವೇ ಬನ್ನಿ. ಇವಳಿಗೆ ನೀವು ಅಕ್ಕನ ಹಾಗೆ ಅಲ್ವಾ," ಎಂದು ಕೈಹಿಡಿದು ಕರೆತಂದರು. ತಟ್ಟೆ ಅವರ ಕೈಗೆ ಬಂತು. ಟೀಚರು ನನ್ನನ್ನು ನೋಡಿದರು. ಅವರು ಏನನ್ನು ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಆ ಚಪ್ಪರದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಾನು ಹೂಂ ಎಂದು ತಲೆಯಾಡಿಸಿದ್ದರೆ ಸಾಕಿತ್ತು.

ನಾನು ಕಣ್ಣು ಕೆಳಗೆ ಮಾಡಿದೆ.

"ಅಮ್ಮಾ, ನನಗೆ ಯಾಕೋ ತಲೆ ಸುತ್ತುತ್ತಾ ಉಂಟು. ಬೇರೆಯವರನ್ನು ಕರೆಯಿರಿ," ಎಂದು ಟೀಚರು ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟರು. ಆಮೇಲೆ ಹುಡುಕಿದಾಗ ಚಪ್ಪರದ ತುದಿಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ಕೊನೆಯ ಪಂಕ್ತಿಯಲ್ಲಿ ಊಟ ಮಾಡಿ, ನನಗೆ ಹೇಳಿಯೇ ಹೋದರು. ಮುಖದಲ್ಲಿ ಏನೂ ಇರಲಿಲ್ಲ.

ನನ್ನ ಮೊದಲ ಮಗು ಏಳು ತಿಂಗಳಿಗೇ ಹುಟ್ಟಿತು. ಮಣಿಪಾಲದ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಹೋಯಿತು. ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಟೀಚರು ಕಾಪುವಿನಿಂದ ಎರಡು ಬಸ್ಸು ಬದಲಿಸಿ, ದಿನಾ ಶಾಲೆ ಬಿಟ್ಟ ಮೇಲೆ ಗಂಜಿ ತರುತ್ತಿದ್ದರು. ಮೂರನೆಯ ದಿನ ಚಮಚದಲ್ಲಿ ಗಂಜಿ ಕುಡಿಸುತ್ತ, ಬೇರೆ ಯಾವುದೋ ವಿಷಯ ಹೇಳುವವರ ಹಾಗೆ ಹೇಳಿದರು: "ಆ ದಿನ ನಾನು ಆರತಿ ಎತ್ತದೆ ಇದ್ದದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಈಗ ನೀನು ನನ್ನ ಮುಖ ನೋಡುತ್ತಿರಲಿಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಹಾಗಲ್ಲ ಟೀಚರ್ ಎನ್ನಬಹುದಿತ್ತು. ಆದರೆ ಅವರು ಹೇಳಿದ್ದು ನಿಜ. ಅದೇ ವಿಚಾರ ಆ ಮಂಚದ ಮೇಲೆ ನನ್ನ ತಲೆಯಲ್ಲೂ ಬಂದುಹೋಗಿತ್ತು. "ಕುಡಿ," ಎಂದರು. ಕುಡಿದೆ.

ಮುಂದೆ ನನಗೊಬ್ಬಳು ಮಗಳು ಹುಟ್ಟಿ ಬದುಕಿದಳು. ಟೀಚರು ಪ್ರತಿ ವರ್ಷ ಅವಳಿಗೆ ಫ್ರಾಕು ಹೊಲಿದು, ಅಳತೆ ತೆಗೆಯದೆಯೇ ಸರಿಯಾಗಿ ಹೊಲಿದು, ಬಸ್ಸಿನ ಕಂಡಕ್ಟರ ಕೈಯಲ್ಲಿ ಕಾರ್ಕಳಕ್ಕೆ ಕಳಿಸುತ್ತಿದ್ದರು. ತಾವು ಬರುತ್ತಿರಲಿಲ್ಲ.

ಅತ್ತೆ ತೀರಿಕೊಂಡದ್ದು ಎಂಬತ್ತರ ದಶಕದ ಶುರುವಿನಲ್ಲಿ. ಸಂಜೆ ಸೊಸೆಯ ಕುತ್ತಿಗೆ ಮುಟ್ಟಿ, "ಉಂಟು," ಎಂದು ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಹೊರಟುಹೋದ ಮಗನಿಗೆ ಸುದ್ದಿ ಮುಟ್ಟಿಸುವುದು ಹೇಗೆಂದು ಗಂಡನ ಅಣ್ಣತಮ್ಮಂದಿರು ಚರ್ಚೆಗೆ ಕೂತಾಗ ಟೀಚರು ಒಳಗಿನಿಂದ ಬಂದು, ಕರಿಮಣಿ ಬಿಚ್ಚಿ ಅತ್ತೆಯ ಕಾಲಬುಡದಲ್ಲಿ ಇಟ್ಟರು. "ಅವರು ಹೋಗಿ ಹತ್ತು ವರ್ಷ ಆಗ್ತಾ ಬಂತು. ನಾನು ಹೋಗಿ ಕೇಳಿಕೊಂಡು ಬಂದಿದ್ದೇನೆ," ಎಂದರು.

ದೊಡ್ಡ ಗಲಾಟೆಯಾಯಿತು. ಗಂಡ ಸತ್ತದ್ದು ಗೊತ್ತಿದ್ದೂ ಕುಂಕುಮ ಇಟ್ಟಳಲ್ಲ ಎಂದು ಕೆಲವರು. ಒಡಹುಟ್ಟಿದವನ ಕ್ರಿಯೆ ಮಾಡಲೂ ಬಿಡಲಿಲ್ಲವಲ್ಲ ಎಂದು ಮೈದುನ ಭಾವಂದಿರು. ಊರಿನ ಹಿರಿಯರಾದ ಗುರಿಕಾರರು ಎಲ್ಲರನ್ನೂ ಸುಮ್ಮನಿರಿಸಿ ಕೇಳಿದರಂತೆ: "ನೀನು ಹೋದಾಗ ಜೊತೆಗೆ ಯಾರಿದ್ದರು? ಸಾಕ್ಷಿ ಯಾರಾದರೂ ಉಂಟಾ?"

"ಯಾರೂ ಇಲ್ಲ. ಒಬ್ಬಳೇ ಹೋದದ್ದು," ಎಂದರಂತೆ ಟೀಚರು.

ಅದರಿಂದ ಕೆಟ್ಟದ್ದು ಇನ್ನೂ ಕೆಟ್ಟಿತು. ಹೆಂಗಸು ಒಬ್ಬಳೇ ಗೋವಾಕ್ಕೆ ಹೋಗುವುದೆಂದರೇನು? ಯಾರ ಜೊತೆಗೋ ಹೋಗಿರಬೇಕು. ಸತ್ತ ಸುದ್ದಿಯೇ ಸುಳ್ಳಿರಬೇಕು. ಹೀಗೆ ಒಬ್ಬರ ಬಾಯಿಂದ ಒಬ್ಬರಿಗೆ. ಗುರಿಕಾರರೂ ಮನೆಯವರೂ ಇಲ್ಲಿರಬೇಡ ಎಂದ ಮೇಲೆ ಟೀಚರು ಆ ಮನೆ ಬಿಟ್ಟು ಶಾಲೆಯ ಹತ್ತಿರ ಒಂದು ಬಾಡಿಗೆ ಕೋಣೆಗೆ ಬಂದರು.

ಹಳೆಯ ಸಹೋದ್ಯೋಗಿಯೊಬ್ಬರಿಂದ ಇದು ನನಗೆ ತಿಳಿಯುವಾಗ ತಿಂಗಳು ಕಳೆದಿತ್ತು. ಕೂಡಲೇ ಕಾಪುವಿಗೆ ಹೋದೆ. ಟೀಚರು ಬರಿ ಹಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು.

"ನಾನು ಗುರಿಕಾರರ ಹತ್ತಿರ ಬಂದು ಹೇಳ್ತೇನೆ ಟೀಚರ್. ನಾನು ಇದ್ದೆನಲ್ಲ."

"ಬೇಡ. ಮನೆಯಲ್ಲಿ ಸುಳ್ಳು ಹೇಳಿ ಬಂದವಳು ನೀನು. ನಿನ್ನ ಗಂಡನಿಗೆ ಗೊತ್ತಿಲ್ಲದ್ದು ಇಲ್ಲಿ ಇಡೀ ಊರಿಗೆ ಗೊತ್ತಾಗುವುದು ಬೇಡ. ನನ್ನದು ಹೇಗೂ ಆಯಿತು."

ಇನ್ನೊಂದು ಸಲ ಒತ್ತಾಯ ಮಾಡಬಹುದಿತ್ತು. ಮಾಡಲಿಲ್ಲ. ಅವರು ಬೇಡ ಎಂದಾಗ ನನ್ನ ಎದೆ ಹಗುರವಾಯಿತು. ಆ ಹಗುರವನ್ನು ಹೊತ್ತುಕೊಂಡೇ ಕಾರ್ಕಳಕ್ಕೆ ಮರಳಿದೆ.

ಮತ್ತೆ ಆರೇಳು ವರ್ಷ ಅವರು ಬದುಕಿದ್ದರು. ಎದೆಯಲ್ಲಿ ಗಂಟಾದದ್ದನ್ನು ಯಾರಿಗೂ ಹೇಳಿರಲಿಲ್ಲ; ಮಣಿಪಾಲಕ್ಕೆ ಸೇರಿಸುವಾಗ ತಡವಾಗಿತ್ತು. ನಾನು ನೋಡಲು ಹೋದಾಗ ಬಹಳ ಇಳಿದುಹೋಗಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ರವಿಕೆಯ ತೋಳು ಬಿಗಿಯಾಗಿದೆ. ಬಿಚ್ಚಿಸಿ ಹೊಲಿಸು," ಎಂದರು. ನಮ್ಮ ನಡುವೆ ಆದ ಕೊನೆಯ ಮಾತು ಅಷ್ಟೇ.

ಅವರ ತವರಿನವರು ಹದಿಮೂರನೆಯ ದಿನದ ಕ್ರಿಯೆ ಇಟ್ಟುಕೊಂಡರು. ನಾನೂ ನನ್ನ ಗಂಡನೂ ಹೋಗಿದ್ದೆವು. ಅವರು ಹೊಲಿಗೆ ಕಲಿಸಿದ ಎಷ್ಟೋ ಹೆಣ್ಣುಮಕ್ಕಳು ಬಂದಿದ್ದರು. ಊಟದ ಎಲೆ ಹಾಕುವ ಹೊತ್ತಿಗೆ, ಗಂಡನ ಕಡೆಯ ಸಂಬಂಧಿ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದದ್ದು ಕೇಳಿಸಿತು. ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ ಮಾತಿಗೆ. "ಪಾಪ, ಕೆಲಸದಲ್ಲಿ ಎತ್ತಿದ ಕೈ. ಆದರೆ ಆ ಗೋವಾಕ್ಕೆ ಯಾರ ಜೊತೆ ಹೋದಳೋ, ಅದು ಮಾತ್ರ ಇವತ್ತಿನವರೆಗೂ ಯಾರಿಗೂ ಗೊತ್ತಾಗಲಿಲ್ಲ."

"ನನ್ನ ಜೊತೆ," ಎಂದೆ.

ಸ್ವರ ನಾನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. ಎಲೆ ಹಾಕುತ್ತಿದ್ದವರು ನಿಂತರು. ವಯಸ್ಸಾದ ಗುರಿಕಾರರು ಕುರ್ಚಿಯಲ್ಲಿ ತಿರುಗಿ ನೋಡಿದರು. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಧಕ್ಕೆ, ತಾಂಡೇಲರು, ಕಾಮಾಲೆ, ಬೆಂಕಿ ಕೊಟ್ಟದ್ದು ಯಾರು ಎಂಬುದು. ಮಳೆ ಬಿಟ್ಟಿತಾ ಎಂದು ಕೇಳುತ್ತಿದ್ದದ್ದು. ಹೇಳಿ ಮುಗಿಸಿದಾಗ ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಗುರಿಕಾರರು, "ಇದನ್ನು ಆ ದಿನವೇ ಹೇಳಿದ್ದರೆ ಅವಳನ್ನು ನಾವು ಹೊರಗೆ ಕಳಿಸುತ್ತಿರಲಿಲ್ಲ ಮಗಳೇ," ಎಂದರು.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿದೆವು. ಗಂಡ ಏನು ಕೇಳುತ್ತಾರೋ ಎಂದು ನಾನು ಕೈಚೀಲ ಹಿಡಿದು ಕುಳಿತಿದ್ದೆ. ಮದುವೆಯಾದಂದಿನಿಂದ ಹೆದರಿದ್ದು ಈ ಒಂದು ಗಳಿಗೆಗೆ. ಅವರು ಕಂಡಕ್ಟರನಿಗೆ ಟಿಕೇಟಿನ ಚಿಲ್ಲರೆ ಕೊಟ್ಟರು. ಆಮೇಲೆ ನಿಜಕ್ಕೂ ಆಶ್ಚರ್ಯಪಟ್ಟವರಂತೆ ಕೇಳಿದರು:

"ಇಷ್ಟೇಯಾ? ಮೊದಲೇ ಹೇಳಬಹುದಿತ್ತಲ್ಲ ಮಾರಾಯ್ತಿ. ನಾನು ಎಂತ ಹೇಳುತ್ತಿದ್ದೆ?"

ಬೆಳ್ಮಣ್ಣು ದಾಟಿತು. ಕಾರ್ಕಳದ ಕರಿಬಂಡೆಗಳು ಕಾಣತೊಡಗಿದವು.